ಅಪ್ಪ ಅಮ್ಮ ಅಮೆರಿಕದಲ್ಲಿ ಇನ್ನೆರಡು ತಿಂಗಳು ಇರಬೇಕು, ಕಾಗದಪತ್ರ ಏನೇನು ಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಬಿ-2 ಪ್ರವಾಸಿ ವೀಸಾದಲ್ಲಿ ಬಂದಿದ್ದಾರೆ. ಸಿಸೇರಿಯನ್ ಆಯಿತು, ಗಾಯ ಪೂರ್ತಿ ಮಾಗಿಲ್ಲ, ಹಾಗಾಗಿ ಇನ್ನೆರಡು ತಿಂಗಳು ಇರಲಿ ಅಂತ ಆಸೆ. ವೀಸಾ 10 ವರ್ಷದ್ದು, ಇನ್ನೂ ಬೇಕಾದಷ್ಟು ಬಾಕಿ ಇದೆ. ಆದರೂ ಎಕ್ಸ್‌ಟೆನ್ಶನ್ ಹಾಕಲೇಬೇಕಾ? ಬ್ಯಾಂಕ್ ಸ್ಟೇಟ್‌ಮೆಂಟ್ ಒಂದಿದ್ದರೆ ಸಾಕು ಅಂತಾರೆ ನಮ್ಮ ಯಜಮಾನರು.

ಉತ್ತರ: ಹಾಕಲೇಬೇಕು. ವೀಸಾದ ಮೇಲಿನ ದಿನಾಂಕ ಯಾವಾಗಿನ ತನಕ ಬಂದು ಪ್ರವೇಶ ಕೇಳಬಹುದು ಅನ್ನುವುದಕ್ಕೆ ಮಾತ್ರ. ಒಳಗೆ ಬಂದ ಮೇಲೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94, ಅಂದರೆ ಪ್ರವೇಶದ ದಾಖಲೆ. ಗಡಿ ಮತ್ತು ಸುಂಕ ಇಲಾಖೆ ಸಿಬಿಪಿಯ ವೆಬ್‌ಸೈಟ್‌ನಲ್ಲಿ ಸಿಗುತ್ತದೆ, ಇವತ್ತೇ ತೆಗೆದು ನೋಡಿ. ಇಬ್ಬರದ್ದೂ ಬೇರೆ ಬೇರೆ ನೋಡಿ, ಒಂದೇ ವಿಮಾನದಲ್ಲಿ ಇಳಿದವರಿಗೂ ಬೇರೆ ದಿನಾಂಕ ಬಿದ್ದಿರಬಹುದು.

ವಾಸ ವಿಸ್ತರಿಸಲು ಹಾಕುವ ಅರ್ಜಿ ಐ-539. ಅಪ್ಪ ಮುಖ್ಯ ಅರ್ಜಿದಾರ, ಅಮ್ಮ ಅದರಲ್ಲೇ ಸೇರಬಹುದು. ಕಾಗದದಲ್ಲಿ ಕಳಿಸುವುದಾದರೆ ಅಮ್ಮನಿಗೆ ಐ-539ಎ ತುಂಬಿ, ಅವರದ್ದೇ ಸಹಿ ಹಾಕಿಸಿ. 2024ರ ಏಪ್ರಿಲ್ 1ರಂದು ಜಾರಿಯಾದ ದರದಂತೆ ಆನ್‌ಲೈನ್‌ನಲ್ಲಿ 420 ಡಾಲರ್, ಕಾಗದದಲ್ಲಿ 470, ಹಾಕುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಐ-94 ಮುಗಿಯುವ 45 ದಿನ ಮೊದಲೇ ಹಾಕಿ ಅಂತ ಅರ್ಜಿ ನೋಡುವ ವಲಸೆ ಇಲಾಖೆ ಯುಎಸ್‌ಸಿಐಎಸ್ ಹೇಳುತ್ತದೆ. ತಡವಾಗಿದ್ದರೂ ಆ ದಿನಾಂಕ ದಾಟುವ ಮೊದಲು ಅರ್ಜಿ ಅವರ ಕೈ ಸೇರಿರಬೇಕು.

ಇನ್ನು ನಿಜವಾದ ಕೆಲಸ ಇರುವುದು ಅರ್ಜಿಯ ಜೊತೆ ಇಡುವ ವಿವರಣೆಯ ಪತ್ರದಲ್ಲಿ. ಹೆಚ್ಚಿನವರು ಇದನ್ನು ಎರಡು ಸಾಲಲ್ಲಿ ಮುಗಿಸಿ ಸ್ಟೇಟ್‌ಮೆಂಟ್ ಮಾತ್ರ ದಪ್ಪಗೆ ಇಡುತ್ತಾರೆ. ಯಾಕೆ ಇರಬೇಕು, ಯಾವ ದಿನಾಂಕದವರೆಗೆ, ಖರ್ಚು ಯಾರದ್ದು, ವಾಪಸ್ ಹೋಗಿಯೇ ಹೋಗುತ್ತಾರೆ ಅನ್ನುವುದಕ್ಕೆ ಏನು ಆಧಾರ, ಇಷ್ಟೂ ಅದರಲ್ಲಿ ಬರಬೇಕು. "ಮೊಮ್ಮಗುವನ್ನು ನೋಡಿಕೊಳ್ಳಲು" ಅಂತ ಸುಮ್ನೆ ಬರೆದು ಬಿಡಬೇಡಿ. ಓದುವ ಅಧಿಕಾರಿಗೆ ಅದು ಸಂಬಳದ ಆಯಾಳ ಕೆಲಸದ ಹಾಗೆ ಕಾಣಬಹುದು, ಮೇಲಾಗಿ ಆ ಕಾರಣಕ್ಕೆ ಕೊನೆಯೇ ಇಲ್ಲ, ಮಗು ನಾಳೆಯೂ ಇರುತ್ತದೆ ಅಲ್ವಾ? ಹಾಗಂತ ಸುಳ್ಳು ಕಾರಣ ಹೊಸೆಯುವುದೂ ಬೇಡ. ನಿಮ್ಮ ವಿಷಯದಲ್ಲಿ ನಿಜವೇ ಗಟ್ಟಿಯಾಗಿದೆ: ಆಪರೇಷನ್ ಆಗಿದೆ, ಗಾಯ ಮಾಗಲು ಇಷ್ಟು ವಾರ ಬೇಕು ಅಂತ ನಿಮ್ಮ ಡಾಕ್ಟರಿಂದ ಪತ್ರ ತನ್ನಿ. ಆ ವಾರಗಳಿಗೂ ನೀವು ಕೇಳುವ ದಿನಾಂಕಕ್ಕೂ ತಾಳೆಯಾಗಬೇಕು. ಡಾಕ್ಟರು ಎಂಟು ವಾರ ಅಂದರೆ ನೀವು ಆರು ತಿಂಗಳು ಕೇಳಬಾರದು, ಕೇಳಲು ಅವಕಾಶ ಇದ್ದರೂ.

ಖರ್ಚಿಗೆ ಅಪ್ಪನ ಸ್ಟೇಟ್‌ಮೆಂಟ್, ಪೆನ್ಶನ್ ಕಾಗದ. ಖರ್ಚು ನೀವು ನೋಡಿಕೊಳ್ಳುವುದಾದರೆ ಹಾಗಂತ ಘೋಷಿಸುವ ಐ-134 ಫಾರ್ಮ್, ಜೊತೆಗೆ ನಿಮ್ಮ ಪೇ ಸ್ಲಿಪ್. ಊರಿನ ನಂಟಿಗೆ ಮನೆ ಕಂದಾಯದ ರಸೀದಿ, ಪಹಣಿ, ಏನಿದೆಯೋ ಅದು. ಕನ್ನಡದಲ್ಲಿರುವ ಪ್ರತಿಯೊಂದಕ್ಕೂ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ತಿ, ಸರಿಯಾಗಿದೆ ಮತ್ತು ತನಗೆ ಎರಡೂ ಭಾಷೆ ಬರುತ್ತದೆ ಅಂತ ಅನುವಾದಿಸಿದವರು ಬರೆದು ಸಹಿ ಮಾಡಬೇಕು, ನೋಟರಿ ಬೇಕಿಲ್ಲ. ಪಾಸ್‌ಪೋರ್ಟ್ ನೀವು ಕೇಳುವ ದಿನಾಂಕದವರೆಗೂ ಚಾಲ್ತಿಯಲ್ಲಿರಬೇಕು.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ವಾಪಸ್ ಟಿಕೆಟ್ ಈಗಲೇ ಬದಲಿಸಬೇಕಾ? ಮತ್ತೆ ಉತ್ತರ ಬರಲು ತಿಂಗಳುಗಟ್ಟಲೆ ಆಗುತ್ತದೆ ಅಂತಾರಲ್ಲ, ಐ-94 ಮುಗಿದು ಹೋದರೆ ಅಪ್ಪ ಅಮ್ಮ ಏನು ಮಾಡಬೇಕು?

ಉತ್ತರ: ದಿನಾಂಕ ಬದಲಿಸಿದ ಟಿಕೆಟಿನ ಪ್ರತಿ ಇಟ್ಟರೆ ಒಳ್ಳೆಯದು, ಮತ್ತೆ ಬದಲಿಸಬಹುದಾದದ್ದೇ ತಗೊಳ್ಳಿ.

ಸಮಯಕ್ಕೆ ಹಾಕಿದ್ದರೆ, ಅರ್ಜಿ ಬಾಕಿ ಇರುವ ತನಕ ಅಕ್ರಮ ವಾಸದ ಲೆಕ್ಕ ಶುರುವಾಗುವುದಿಲ್ಲ. ತಿರಸ್ಕಾರವಾದರೆ ಮಾರನೇ ದಿನದಿಂದ ಶುರು. ಆಮೇಲೆ 180 ದಿನ ದಾಟಿ ಹೊರಗೆ ಹೋದರೆ 3 ವರ್ಷ ಬರುವ ಹಾಗಿಲ್ಲ, ಒಂದು ವರ್ಷ ಮುಟ್ಟಿದರೆ 10 ವರ್ಷ. ಇರುವ ವೀಸಾ ಕೂಡ ರದ್ದಾಗಬಹುದು. ಆದ್ದರಿಂದ ತಿರಸ್ಕಾರದ ಪತ್ರ ಬಂದ ಕೂಡಲೇ ಹೊರಡಲು ತಯಾರಿರಿ. ಉತ್ತರ ಬರದಿದ್ದರೂ ನೀವೇ ಕೇಳಿದ ದಿನಾಂಕದೊಳಗೆ ಕಳಿಸಿಬಿಡಿ. ಎಷ್ಟೋ ಜನ ಉತ್ತರ ಬರುವ ಮೊದಲೇ ಊರು ಸೇರಿರುತ್ತಾರೆ, ಅದರಲ್ಲಿ ಗಾಬರಿಯೇನಿಲ್ಲ. ಅರ್ಜಿ ತಲುಪಿದ್ದಕ್ಕೆ ಬರುವ ಐ-797ಸಿ ರಸೀದಿ, ಬೋರ್ಡಿಂಗ್ ಪಾಸ್ ಎರಡನ್ನೂ ಜೋಪಾನವಾಗಿಡಿ. ಮುಂದಿನ ಸಲ ಬಂದಾಗ ಯಾಕೆ ಅಷ್ಟು ದಿನ ಇದ್ದಿರಿ ಅಂತ ಕೇಳಿದರೆ ತೋರಿಸಲು ಅವೇ ಬೇಕು.

ಇನ್ನೊಬ್ಬರು: ನನ್ನ ನಾದಿನಿ ಬ್ರಿಟಿಷ್ ಪಾಸ್‌ಪೋರ್ಟ್ ಇರುವವಳು, ಎಸ್ಟಾದಲ್ಲಿ, ಅಂದರೆ ವೀಸಾ ಇಲ್ಲದೆ ಆನ್‌ಲೈನ್ ಅನುಮತಿ ಪಡೆದು, ಬಂದಿದ್ದಾಳೆ. ಅವಳಿಗೂ ಇದೇ ಫಾರ್ಮಾ?

ಉತ್ತರ: ಇಲ್ಲ ಸಾರ್. ಎಸ್ಟಾದಲ್ಲಿ ಬಂದವರಿಗೆ 90 ದಿನ, ವಿಸ್ತರಣೆಗೆ ಅವಕಾಶವೇ ಇಲ್ಲ. ಆಸ್ಪತ್ರೆ ಸೇರಿದಂಥ ತುರ್ತು ಇದ್ದರೆ ಹೊರಡಲು 30 ದಿನದವರೆಗೆ ಸಮಯ ಕೇಳಬಹುದು, ಅದೂ ಅಧಿಕಾರಿಗಳ ವಿವೇಚನೆ. ಅಂಥದ್ದೇನೂ ಇಲ್ಲದಿದ್ದರೆ ಟಿಕೆಟ್ ಮಾಡಿಸಿ.