ರೌಟರ್ ಇಲ್ಲದೆ ಡೆಸ್ಕ್‌ಟಾಪ್‌ನ ನೆಟ್ ಲ್ಯಾಪ್‌ಟಾಪ್‌ಗೆ ಕೊಡೋದು ಹೇಗೆ?

ಪ್ರಶ್ನೆ: ಸರ್, ಕೇಬಲ್‌ನವರ ಲ್ಯಾನ್ ವೈರ್ ನೇರ ಡೆಸ್ಕ್‌ಟಾಪ್‌ಗೆ ಬರುತ್ತೆ (ವಿಂಡೋಸ್ 10). ಬ್ರಾಡ್‌ಬ್ಯಾಂಡ್ ಐಕಾನ್ ಒತ್ತಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೆ ಕನೆಕ್ಟ್ ಆಗುತ್ತೆ. ಪಕ್ಕದ ರೂಮಿನ ಹಳೇ ವಿಂಡೋಸ್ 7 ಲ್ಯಾಪ್‌ಟಾಪ್‌ಗೂ ಇದೇ ನೆಟ್ ಬೇಕು. ರೌಟರ್ ಸದ್ಯಕ್ಕೆ ಬೇಡ. ಏನು ತಗೋಬೇಕು, ಎಲ್ಲಿ ಸೆಟ್ ಮಾಡಬೇಕು?

ಉತ್ತರ: ಡೆಸ್ಕ್‌ಟಾಪನ್ನೇ ಹಾಟ್‌ಸ್ಪಾಟ್ ಮಾಡಿ, ಅಂದರೆ ಅದರ ನೆಟ್ ವೈಫೈ ಮೂಲಕ ಲ್ಯಾಪ್‌ಟಾಪ್‌ಗೆ ಹೋಗಲಿ. ಡೆಸ್ಕ್‌ಟಾಪ್‌ನಲ್ಲಿ ವೈಫೈ ಇಲ್ಲದಿದ್ದರೆ ಒಂದು ಯುಎಸ್‌ಬಿ ವೈಫೈ ಡಾಂಗಲ್ ಬೇಕು, ಅಷ್ಟೇ. ಡಬ್ಬದ ಮೇಲೆ 150 ಎಂಬಿಪಿಎಸ್ ಅಂತ ಬರೆದಿರೋದು ಬರೀ 2.4 ಗಿಗಾಹರ್ಟ್ಸ್ ವೈಫೈ ಬ್ಯಾಂಡಿನದು. ಕೈಗೆ ಸಿಗೋ ವೇಗ ಅದರ ಅರ್ಧವೂ ಇರಲ್ಲ, ಆದರೂ ವಿಡಿಯೋ ನೋಡೋಕೆ ಧಾರಾಳ. ಎಸಿ600 ಅಂತ ಬರೆದಿದ್ದರೆ 5 ಗಿಗಾಹರ್ಟ್ಸ್ ಕೂಡ ಇರುತ್ತೆ. ಆದರೆ ನಿಮ್ಮ ಹಳೇ ಲ್ಯಾಪ್‌ಟಾಪ್‌ನ ಕಾರ್ಡಿಗೆ ಬಹುಶಃ ಆ ಬ್ಯಾಂಡ್ ಕಾಣಿಸೋದೇ ಇಲ್ಲ, ಸುಮ್ಮನೆ ದುಡ್ಡು ಹಾಕಬೇಡಿ.

ಡಾಂಗಲನ್ನು ಸಿಪಿಯು ಹಿಂದೆ ಚುಚ್ಚಬೇಡಿ. ಕಬ್ಬಿಣದ ಕ್ಯಾಬಿನೆಟ್ ಸಿಗ್ನಲ್ ತಡೆಯುತ್ತೆ. ಪಕ್ಕದ ನೀಲಿ ಯುಎಸ್‌ಬಿ 3 ಪೋರ್ಟ್‌ನಲ್ಲಿ ಹಾರ್ಡ್‌ಡಿಸ್ಕ್ ಓಡ್ತಿದ್ದರೆ ಅದರ ಗದ್ದಲವೂ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತೆ. ಕಪ್ಪು ಪೋರ್ಟಿಗೆ ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಡಾಂಗಲನ್ನು ಟೇಬಲ್ ಮೇಲೆ ಇಡಿ.

ಡ್ರೈವರ್ ಹಾಕಿದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ವ್ಯೂ, ಶೋ ಹಿಡನ್ ಡಿವೈಸಸ್ ಒತ್ತಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ 'ವೈಫೈ ಡೈರೆಕ್ಟ್ ವರ್ಚುವಲ್ ಅಡಾಪ್ಟರ್' ಇರಬೇಕು. ಅದಿಲ್ಲದಿದ್ದರೆ ಹಾಟ್‌ಸ್ಪಾಟ್ ಆನ್ ಆಗಲ್ಲ. ಡಾಂಗಲ್ ಕಂಪನಿಯ ಸೈಟಿನಿಂದ ಹೊಸ ಡ್ರೈವರ್ ಹಾಕಿ ನೋಡಿ.

ಆಮೇಲೆ ಮೊದಲು ಬ್ರಾಡ್‌ಬ್ಯಾಂಡ್ ಡಯಲ್ ಮಾಡಿ. ಕ್ರಮ ತಪ್ಪಿಸಬೇಡಿ, ನೆಟ್ ಇಲ್ಲದೆ ವಿಂಡೋಸ್ ಹಾಟ್‌ಸ್ಪಾಟ್ ಬಟನ್ ಒತ್ತೋಕೇ ಬಿಡಲ್ಲ. ಸೆಟ್ಟಿಂಗ್ಸ್, ನೆಟ್‌ವರ್ಕ್, ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋಗಿ. ಯಾವ ಕನೆಕ್ಷನ್ ಹಂಚಬೇಕು ಅನ್ನೋ ಪಟ್ಟಿಯಲ್ಲಿ ಈಥರ್ನೆಟ್ ಅಲ್ಲ, ನಿಮ್ಮ ಬ್ರಾಡ್‌ಬ್ಯಾಂಡ್ ಹೆಸರು ಆರಿಸಿ. ಎಡಿಟ್‌ನಲ್ಲಿ ಹೆಸರು, ಕನಿಷ್ಠ 8 ಅಕ್ಷರದ ಪಾಸ್‌ವರ್ಡ್ ಕೊಟ್ಟು, ಬ್ಯಾಂಡ್ 2.4ಕ್ಕೆ ಇಟ್ಟು ಆನ್ ಮಾಡಿ. 8 ಡಿವೈಸ್‌ವರೆಗೆ ಸೇರಿಸಬಹುದು. ಕೇಬಲ್‌ನವರು ಒಂದೇ ಕಂಪ್ಯೂಟರಿನ ಮ್ಯಾಕ್ ನಂಬರ್ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಕಟ್ಟಿಹಾಕಿದ್ದರೂ ತೊಂದರೆ ಇಲ್ಲ, ಹೊರಗೆ ಕಾಣೋದು ಡೆಸ್ಕ್‌ಟಾಪ್ ಮಾತ್ರ.

ಪ್ರಶ್ನೆ: ಲ್ಯಾಪ್‌ಟಾಪ್ ಕನೆಕ್ಟ್ ಆಯ್ತು ಸರ್, ಆದರೆ ಹಳದಿ ತ್ರಿಕೋನ ಬರ್ತಿದೆ. ನೆಟ್ ಇಲ್ಲ.

ಉತ್ತರ: ಲ್ಯಾಪ್‌ಟಾಪ್‌ನ ಐಪಿ (ನೆಟ್‌ವರ್ಕ್ ವಿಳಾಸ) ನೋಡಿ. 169.254 ಇಂದ ಶುರುವಾದರೆ ಡೆಸ್ಕ್‌ಟಾಪ್ ವಿಳಾಸವನ್ನೇ ಕೊಟ್ಟಿಲ್ಲ ಅಂತ ಅರ್ಥ. ಸರ್ವೀಸಸ್‌ನಲ್ಲಿ 'ಇಂಟರ್ನೆಟ್ ಕನೆಕ್ಷನ್ ಶೇರಿಂಗ್' ಓಡ್ತಿದೆಯಾ ನೋಡಿ. ಬೇರೆ ಆ್ಯಂಟಿವೈರಸ್ ಇದ್ದರೆ ಅದರ ಫೈರ್‌ವಾಲ್ ಐದು ನಿಮಿಷ ನಿಲ್ಲಿಸಿ ಪರೀಕ್ಷೆ ಮಾಡಿ. 192.168.137 ಇಂದ ಶುರುವಾದರೆ ವೈಫೈ ಸರಿಯಾಗಿದೆ, ತಪ್ಪಿರೋದು ಹಂಚಿಕೆ. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ನಲ್ಲಿ ಬ್ರಾಡ್‌ಬ್ಯಾಂಡ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಶೇರಿಂಗ್‌ಗೆ ಹೋಗಿ. ಟಿಕ್ ತೆಗೆದು ಓಕೆ ಕೊಡಿ. ಮತ್ತೆ ಟಿಕ್ ಹಾಕಿ, ಕೆಳಗಿನ ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆ ಇರೋ 'ಲೋಕಲ್ ಏರಿಯಾ ಕನೆಕ್ಷನ್' ಆರಿಸಿ. ರೀಸ್ಟಾರ್ಟ್ ಆದ ಮೇಲೆ ಹಂಚಿಕೆ ನಿಂತುಹೋಗೋ ಚಾಳಿ ವಿಂಡೋಸ್ 10ಕ್ಕೆ ಇದೆ, ಆಗಲೂ ಇದೇ ಮದ್ದು.

ಪ್ರಶ್ನೆ: ಬಂತು! ಆದರೆ ಕೆಲವು ಸೈಟ್ ಮಾತ್ರ ಸುತ್ತುತ್ತಾನೇ ಇರುತ್ತೆ, ಡೆಸ್ಕ್‌ಟಾಪ್‌ನಲ್ಲಿ ಸಲೀಸಾಗಿ ತೆರೆಯುತ್ತೆ.

ಉತ್ತರ: ಡಯಲ್ ಮಾಡೋ ಕನೆಕ್ಷನ್ನಿನ ಹಳೇ ಕಾಯಿಲೆ. ಪಿಪಿಪಿಒಇ (ಯೂಸರ್‌ನೇಮ್ ಕೊಟ್ಟು ಡಯಲ್ ಮಾಡೋ ಈ ವಿಧಾನ) ಪ್ರತಿ ಪ್ಯಾಕೆಟ್ಟಿನಲ್ಲೂ 8 ಬೈಟ್ ನುಂಗುತ್ತೆ; ದಾರಿಯ ಅಗಲ 1500 ಅಲ್ಲ, 1492. ಲ್ಯಾಪ್‌ಟಾಪ್‌ಗೆ ಅದು ಗೊತ್ತಿಲ್ಲ. ಸಂಪರ್ಕ ಪರೀಕ್ಷಿಸೋ ಪಿಂಗ್ ಕಮಾಂಡ್‌ನಲ್ಲಿ ಪ್ಯಾಕೆಟ್ ಒಡೆಯಬೇಡ ಅನ್ನೋ ಆಯ್ಕೆ (ಮೈನಸ್ ಎಫ್) ಜೊತೆ ಗಾತ್ರ 1464 ಕೊಡಿ, ಆಮೇಲೆ 1472. ಮೊದಲನೇದು ಹೋಗಿ ಎರಡನೇದು ನಿಂತರೆ ಇದೇ ಕಾರಣ. ಲ್ಯಾಪ್‌ಟಾಪ್‌ನ ವೈಫೈ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492ಕ್ಕೆ ಇಳಿಸಿ.

ಇನ್ನೊಬ್ಬರ ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಪಿಜಿಯ ವೈಫೈ ಬರುತ್ತೆ. ಅದನ್ನೇ ಇನ್ನೊಂದು ಲ್ಯಾಪ್‌ಟಾಪ್‌ಗೆ ವೈಫೈಯಲ್ಲೇ ಕೊಡಬಹುದಾ? ಒಂದೇ ಕಾರ್ಡ್ ಇರೋದು.

ಉತ್ತರ: ವಿಂಡೋಸ್ 10, 11ರಲ್ಲಿ ಆಗುತ್ತೆ ಮೇಡಂ. ಕಾರ್ಡಿನ ಒಂದೇ ರೇಡಿಯೋ ನೆಟ್ ತಗೊಂಡು, ತಾನೇ ಹಂಚಲೂ ಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತೆ. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ವೈಫೈಯಿಂದ ವೈಫೈಗೆ ಕೊಡೋ ಹಾಗಿಲ್ಲ. ಉಬುಂಟು ಲಿನಕ್ಸ್‌ನ ಸೆಟ್ಟಿಂಗ್ಸ್‌ನಿಂದ ಹಾಟ್‌ಸ್ಪಾಟ್ ಹಾಕಿದರೆ ಇರೋ ವೈಫೈ ಕಡಿದುಹೋಗುತ್ತೆ.

ಪ್ರಶ್ನೆ: ಹಾಟ್‌ಸ್ಪಾಟ್ ಸ್ವಲ್ಪ ಹೊತ್ತಿಗೆ ತಾನಾಗೇ ಆಫ್ ಆಗುತ್ತಲ್ಲಾ?

ಉತ್ತರ: ಹಾಟ್‌ಸ್ಪಾಟ್ ಪೇಜಿನಲ್ಲೇ ಪವರ್ ಸೇವಿಂಗ್ ಆಫ್ ಮಾಡಿ, ಯಾರೂ ಸೇರಿಲ್ಲದಿದ್ದರೆ ನಿಲ್ಲಿಸೋದು ಅದೇ. ಕಂಪ್ಯೂಟರ್ ಸ್ಲೀಪ್ ಆದರೂ ನಿಲ್ಲುತ್ತೆ. ಚಾರ್ಜಿಗೆ ಹಾಕಿದಾಗ ಸ್ಲೀಪ್ 'ನೆವರ್' ಇಡಿ, ಸ್ಕ್ರೀನ್ ಬೇಕಾದರೆ ಆಫ್ ಆಗಲಿ.