ಪುಟ್ಟಿ, ಡಸ್ಟರ್ ಮಕ್ಕಳ ಕೈಗೆ ಕೊಡು

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಮನೇಲಿ ಚಿಕ್ಕ ಮಕ್ಕಳಿರೋರು ನೀವೂ ಕೇಳಿ. ಪುಟ್ಟಿ, ನಿನ್ನ ಕ್ಲಾಸಿನ ಮಕ್ಕಳು ‘ದಿಸ್ ಈಸ್ ಎ ಪೆನ್, ದ್ಯಾಟ್ ಈಸ್ ಎ ಫ್ಯಾನ್’ ಅಂತ ಎಲ್ಲಾ ಸೇರಿ ಚೆನ್ನಾಗಿ ಹೇಳ್ತಾರೆ, ಒಬ್ಬೊಬ್ರನ್ನೇ ಕೇಳಿದ್ರೆ ಅದಲು ಬದಲು ಮಾಡ್ತಾರೆ, ದೀಸ್ ದೋಸ್ ಅಂತೂ ಬಾಯಿಗೇ ಬರಲ್ಲ ಅಂತ ಬರ್ದಿದೀಯಲ್ಲ, ಅದಕ್ಕೆ ಹೇಳ್ತೀನಿ.

ಹತ್ತಿರ ಯಾವುದು ದೂರ ಯಾವುದು ಅಂತ ಆ ಮಕ್ಕಳಿಗೆ ಚೆನ್ನಾಗೇ ಗೊತ್ತು ಕಣೇ. ಇದು ಅದು, ಇಲ್ಲಿ ಅಲ್ಲಿ, ಇಷ್ಟು ಅಷ್ಟು, ಹೀಗೆ ಹಾಗೆ ಎಲ್ಲಾ ಮನೇಲೇ ಕಲ್ತು ಬಂದಿರ್ತಾರೆ. ತೊಡಕು ನಾವು ನಿಲ್ಲೋ ಜಾಗದಲ್ಲಿದೆ. ನೀನು ಬೋರ್ಡ್ ಹತ್ರ ನಿಂತು ಡಸ್ಟರ್ ಎತ್ತಿ ಹಿಡಿದು ‘ದಿಸ್ ಈಸ್ ಎ ಡಸ್ಟರ್’ ಅಂತೀಯ. ಮಕ್ಕಳು ಕೂತಲ್ಲಿಂದಲೇ ಹಾಗೇ ಹೇಳ್ತಾರೆ. ಆದ್ರೆ ಗೋಡೆ ಪಕ್ಕ ಕೂತಿರೋ ಹುಡುಗನಿಗೆ ಆ ಡಸ್ಟರ್ ದೂರ ಇದೆ. ಅವನು ಹೇಳಬೇಕಾದ್ದು ದ್ಯಾಟ್. ನಾವು ಅವನ ಹತ್ರ ದಿಸ್ ಅನ್ನಿಸ್ತೀವಿ. ದಿನಾ ಹಾಗೇ ಹೇಳಿಸಿದ್ರೆ, ಟೀಚರ್ ಕೈಲಿರೋದಕ್ಕೆಲ್ಲ ದಿಸ್ ಅನ್ನಬೇಕು ಅಂತ ಅವನು ತಿಳ್ಕೊಳ್ತಾನೆ.

ಅದಕ್ಕೆ ಡಸ್ಟರ್ ಅವರ ಕೈಗೇ ಕೊಟ್ಬಿಡು. ಕಿಟಕಿ ಹತ್ರ ಒಂದು ಮಗು, ಬಾಗಿಲ ಹತ್ರ ಒಂದು ಮಗು. ಡಸ್ಟರ್ ಹಿಡಿದಿರೋ ಮಗು ದಿಸ್ ಅನ್ನಲಿ, ಇನ್ನೊಂದು ಮಗು ಅದನ್ನೇ ಬೆರಳು ಮಾಡಿ ತೋರಿಸಿ ದ್ಯಾಟ್ ಅನ್ನಲಿ. ಆಮೇಲೆ ಡಸ್ಟರ್ ಕೈ ಬದಲಾಯಿಸು, ಮಾತೂ ಬದಲಾಗುತ್ತೆ. ವಸ್ತು ಅದೇ, ಹೇಳೋರು ಎಲ್ಲಿದಾರೆ ಅನ್ನೋದರ ಮೇಲೆ ಪದ ಬೇರೆ ಆಗುತ್ತೆ ಅನ್ನೋದು ಅವರ ಕಣ್ಣಿಗೆ ಕಾಣಬೇಕು. ಒಬ್ರು ತಪ್ಪು ಹೇಳಿದ್ರೆ ಇನ್ನೊಬ್ರು ತಾವಾಗೇ ಕೂಗಿ ತಿದ್ದೋಕೆ ಶುರು ಮಾಡ್ತಾರೆ ನೋಡು, ಆಗ ಬಂತು ಅಂತ ಲೆಕ್ಕ.

ನಿಂದು ಹೇಗಿದ್ರೂ ನಲಿ-ಕಲಿ ಕೊಠಡಿ, ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಲಿಯೋ ಸರ್ಕಾರಿ ಶಾಲೆ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ಕಡೆ ಶುರುವಾದಾಗಿನಿಂದ್ಲೂ ಮಕ್ಕಳು ಗುಂಪಾಗಿ ಕೂತು, ಓಡಾಡಿ, ಮಾಡಿ ಕಲಿಯೋದೇ ಅದರ ರೀತಿ. ಮೂರನೇ ಕ್ಲಾಸಿನೋರು ಪ್ರಶ್ನೆ ಕೇಳಲಿ, ಚಿಕ್ಕೋರು ಉತ್ತರ ಹೇಳಲಿ. ‘ವಾಟ್ ಈಸ್ ದ್ಯಾಟ್’ ಅಂದ್ರೆ ‘ಇಟ್ ಈಸ್ ಎ ಡಸ್ಟರ್’ ಅನ್ನೋದನ್ನ ಅಭ್ಯಾಸ ಮಾಡ್ಸು. ದ್ಯಾಟ್ ಅಂತ ಕೇಳಿದ್ರೆ ದ್ಯಾಟ್ ಅಂತಲೇ ಉತ್ತರ ಕೊಡಬೇಕು ಅಂತ ಮಕ್ಕಳು ಅಂದ್ಕೊಂಡಿರ್ತಾರೆ, ಆ ಗೊಂದಲ ತಪ್ಪುತ್ತೆ. ಪುಸ್ತಕದ ಚಿತ್ರ ಮಾತ್ರ ಈ ಪಾಠಕ್ಕೆ ನಂಬಬೇಡ. ಮೂಲೇಲಿ ಚಂದ್ರನ್ನ ಚಿಕ್ಕದಾಗಿ ಬರೆದು ದೂರ ಅಂದ್ರೆ ಹೇಗೆ? ಹಾಳೆ ಮೇಲೆ ಎಲ್ಲಾನೂ ಬೆರಳಿಗೆ ಸಿಗುತ್ತೆ, ಮಗು ಮುಟ್ಟಿ ದಿಸ್ ಅಂದ್ರೆ ಅದು ಸರಿನೇ. ಅದರ ಬದಲು ಅಂಗಳಕ್ಕೆ ಕರ್ಕೊಂಡು ಹೋಗು. ಬಾಗಿಲಲ್ಲಿ ನಿಂತು ‘ದ್ಯಾಟ್ ಈಸ್ ಎ ಟ್ರೀ’, ನಡ್ಕೊಂಡು ಹೋಗಿ ಮರ ಮುಟ್ಟಿ ‘ದಿಸ್ ಈಸ್ ಎ ಟ್ರೀ’.

ಬಹುವಚನ ಅದೇ ದಿನ ತುರುಕಬೇಡ, ಒಂದು ವಾರ ಬಿಟ್ಟು ಶುರು ಮಾಡು. ನಾವು ಮಾತಾಡುವಾಗ ‘ಎರಡು ಪೆನ್ ಇದೆ’, ‘ಇದೆಲ್ಲಾ ನಂದು’ ಅಂತೀವಿ. ಇವು, ಅವು ಅನ್ನೋದನ್ನ ಮಕ್ಕಳು ಜಾಸ್ತಿ ನೋಡೋದು ಪುಸ್ತಕದಲ್ಲೇ. ಈ ಹೂವು, ಈ ಹೂಗಳು, ಎರಡಕ್ಕೂ ‘ಈ’ ಒಂದೇ. ಇಂಗ್ಲಿಷಲ್ಲಿ ದಿಸ್ ಹೋಗಿ ದೀಸ್, ಈಸ್ ಹೋಗಿ ಆರ್, ಸೀಡ್ ಹೋಗಿ ಸೀಡ್ಸ್, ಮಧ್ಯದ ‘ಎ’ ಮಾಯ. ಒಂದೇ ವಾಕ್ಯದಲ್ಲಿ ಇಷ್ಟು ಬದಲಾದ್ರೆ ಏಳು ವರ್ಷದ ಮಗು ತಡವರಿಸದೆ ಇನ್ನೇನು ಮಾಡೀತು? ಒಂದು ಅಂಗೈಲಿ ಒಂದೇ ಹುಣಸೆ ಬೀಜ, ಇನ್ನೊಂದರಲ್ಲಿ ಒಂದು ಹಿಡಿ. ‘ದಿಸ್ ಈಸ್ ಎ ಸೀಡ್, ದೀಸ್ ಆರ್ ಸೀಡ್ಸ್.’ ವಾಕ್ಯ ಪೂರ್ತಿ ಹೇಳಿಸು, ಬಿಡಿ ಪದ ಬೇಡ. ಒಂದಿದ್ರೆ ಹ್ರಸ್ವ, ಬಹಳ ಇದ್ರೆ ದೀರ್ಘ ಅಂತ ಹೇಳು, ಕನ್ನಡ ಓದೋ ಮಕ್ಕಳಿಗೆ ತಕ್ಷಣ ಹಿಡಿಸುತ್ತೆ.

ಇನ್ನೊಂದು ಮಾತು. ನನ್ನ ಕ್ಲಾಸಲ್ಲಿ ಒಬ್ಬ ಹುಡುಗಿ ಅಜ್ಜಿ ಫೋಟೋ ಹಿಡ್ಕೊಂಡು ನಿಂತಳು, ‘ದಿಸ್ ಈಸ್ ಮೈ ಗ್ರ್ಯಾಂಡ್‌ಮದರ್’ ಅನ್ನಲೇ ಇಲ್ಲ. ಯಾಕೆ ಅಂದ್ರೆ, ‘ಮಿಸ್, ಅಜ್ಜಿಗೆ ಇದು ಅನ್ನಬಾರ್ದು’ ಅಂದಳು. ಎಷ್ಟು ಸರಿಯಾದ ಮಾತು! ನಮ್ಮಲ್ಲಿ ಇವನು, ಇವಳು, ಇವರು ಅಂತ ಬೇರೆ ಬೇರೆ ಇದೆ, ದಿಸ್ ಅಂದ್ರೆ ಇದು ಅಂತ ಮಾತ್ರ ಹೇಳ್ಕೊಟ್ರೆ ಮಗು ಹಿಂಜರಿಯುತ್ತೆ. ಮನುಷ್ಯರನ್ನ ಪರಿಚಯ ಮಾಡುವಾಗ ದಿಸ್ ಅಂದ್ರೆ ‘ಇವರು’ ಅಂತಲೂ ಆಗುತ್ತೆ, ಅದರಲ್ಲಿ ಅಗೌರವ ಇಲ್ಲ ಅಂತ ಮೊದಲೇ ಹೇಳ್ಬಿಡು.

ಸೋಮವಾರ ಡಸ್ಟರಿಂದ ಶುರು ಮಾಡು. ಯಾವ ಮಗು ಎಲ್ಲಿ ತಡವರಿಸ್ತು ಅಂತ ಒಂದು ಚೀಟೀಲಿ ಬರ್ಕೊಂಡು ಸಂಜೆ ಫೋನ್ ಮಾಡು, ನಾನು ಮನೇಲೇ ಇರ್ತೀನಿ.