ಬಸ್ಸಿನ ಚಿಲ್ಲರೆಯಲ್ಲಿ ಸಿಕ್ಕ ಎರಡು ನಾಣ್ಯ: ಬೆಲೆ ಎಷ್ಟು?

ಬದಿಯಡ್ಕದವ: ನಿನ್ನೆ ಕುಂಬಳೆಯಿಂದ ಬಸ್ಸಲ್ಲಿ ಬಂದೆ. ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಮನೆಯಲ್ಲಿ ಸರಿಯಾಗಿ ನೋಡಿದೆ. ಒಂದು ಐದು ರೂಪಾಯಿ, ಅದರಲ್ಲಿ ವೈಷ್ಣೋದೇವಿಯ ಚಿತ್ರ, 2012 ಅಂತ ಇದೆ. ಇನ್ನೊಂದು ಎರಡು ರೂಪಾಯಿ ಅಂದುಕೊಂಡಿದ್ದೆ, ನೋಡಿದರೆ ಅರಬಿ ಅಕ್ಷರ, ಗಿಂಡಿಯ ಚಿತ್ರ. ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಅಂತ ವಿಡಿಯೊದಲ್ಲಿ ಹೇಳುತ್ತಾರೆ. ಎಲ್ಲಿ ಮಾರಬೇಕು?

ಹಳೇನಾಣ್ಯ: ಎಲ್ಲೂ ಮಾರಬೇಡಿ, ಯಾರಿಗೂ ದುಡ್ಡು ಕಳಿಸಬೇಡಿ. ಅದು ವೈಷ್ಣೋದೇವಿ ದೇವಸ್ಥಾನ ಮಂಡಳಿಯ 25 ವರ್ಷದ ನೆನಪಿಗೆ ತಂದ ನಾಣ್ಯ. ಐದರದ್ದೂ ಇದೆ, ಹತ್ತರದ್ದೂ ಇದೆ. ಜನರ ಕೈಯಲ್ಲಿ ಓಡಾಡಲಿ ಅಂತಲೇ ಟಂಕಿಸಿದ್ದು. ಹಳೆ ನಾಣ್ಯ ಕೊಳ್ಳುತ್ತೇವೆ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿತ್ತು. ಸಂಗ್ರಹ ಮಾಡುವ ಆಸೆ ಇದ್ದರೆ ಇಸವಿಯ ಕೆಳಗಿನ ಗುರುತು ನೋಡಿ. ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಬದಿಯಡ್ಕದವ: ನಕ್ಷತ್ರ ಇದೆ! ಹಾಗಾದರೆ ಅಪರೂಪದ್ದೇ ಅಲ್ವಾ?

ಹಳೇನಾಣ್ಯ: ಅಪರೂಪ ಅಂತ ನಾನು ಎಲ್ಲಿ ಬರೆದೆ? ನಿಮ್ಮ ಕಿಸೆಯಲ್ಲಿರುವ ಬೇರೆ ನಾಣ್ಯ ತಿರುಗಿಸಿ ನೋಡಿ, ನಾಲ್ಕಾರರಲ್ಲಿ ನಕ್ಷತ್ರ ಸಿಗುತ್ತದೆ.

ಉಪ್ಪಳದವ: ಇನ್ನೊಂದು ಯುಎಇಯ ಒಂದು ದಿರ್ಹಮ್. ಆದರೆ ಗಿಂಡಿ ಅನ್ನಬೇಡಿ ಮಾರಾಯ್ರೆ. ಅದು ದಲ್ಲಾ, ಅರಬರು ಕಾಫಿ ಕೊಡುವ ಪಾತ್ರೆ. ನಾನು ಹದಿನೆಂಟು ವರ್ಷ ಅಲ್ಲಿ ದುಡಿದವನು.

ಪೆರ್ಲದ ಕೃಷಿಕ: ಹೊಟ್ಟೆ ಉಬ್ಬಿದೆ, ಬದಿಯಲ್ಲಿ ಮೂತಿ ಇದೆ. ನಮ್ಮ ಜಗಲಿಯಲ್ಲಿ ಕಾಲು ತೊಳೆಯಲು ಇಡುವುದು ಇದನ್ನೇ. ನೋಡಿದ ಕೂಡಲೇ ಗಿಂಡಿ ಅನ್ನಿಸಿದರೆ ತಪ್ಪೇನು?

ಉಪ್ಪಳದವ: ಕಾಲು ತೊಳೆಯುವುದೇ? ಮನೆಗೆ ಬಂದವರಿಗೆ ಏಲಕ್ಕಿ ಹಾಕಿದ ಕಾಫಿ ಕೊಟ್ಟು ಗೌರವಿಸುವ ಪಾತ್ರೆ ಅದು. ಅದಕ್ಕೇ ನಾಣ್ಯದ ಮೇಲೆ ಹಾಕಿದ್ದಾರೆ.

ಪೆರ್ಲದ ಕೃಷಿಕ: ಗೌರವ ಅಂದಿರಲ್ಲ, ಗಿಂಡಿಯಲ್ಲಿ ನೀರು ಕೊಡುವುದೂ ಗೌರವವೇ. ನಮ್ಮಜ್ಜಿ ಬಂದವರಿಗೆ ಮೊದಲು ಗಿಂಡಿ ನೀರು, ಆಮೇಲೆ ಬೆಲ್ಲ ಕೊಡುತ್ತಿದ್ದರು. ಅದನ್ನು ಕೀಳು ಮಾಡಿ ಮಾತಾಡಬೇಡಿ.

ಟೀಚರ್ ಮುಳ್ಳೇರಿಯ: ಜಗಳ ಯಾಕೆ? ಚಿತ್ರದಲ್ಲಿ ಹಿಡಿ ಇದೆ, ಗಿಂಡಿಗೆ ಹಿಡಿ ಇರುವುದಿಲ್ಲ. ಕುತ್ತಿಗೆ ಹಿಡಿದೇ ಬಗ್ಗಿಸುವುದು. ಅದಿರಲಿ, ಬದಿಯಡ್ಕದವರೇ, ದಿರ್ಹಮಿಗೆ ಇಪ್ಪತ್ತು ರೂಪಾಯಿಗಿಂತ ಜಾಸ್ತಿ ಬೆಲೆ ಇದೆ. ಕಂಡಕ್ಟರ್ ಗೊತ್ತಿಲ್ಲದೆ ಕೊಟ್ಟದ್ದು. ವಾಪಸ್ ಕೊಡಿ.

ಪೆರ್ಲದ ಕೃಷಿಕ: ಟೀಚರೇ, ಹಿಡಿ ಇರುವ ಗಿಂಡಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉಪ್ಪಳದವ: ಎಲ್ಲಿ ಕಂಡಿರಿ? ಫೋಟೊ ಹಾಕಿ.

ಪೆರ್ಲದ ಕೃಷಿಕ: ನೆಂಟರ ಮನೆಯಲ್ಲಿ. ನಿಮಗೆ ಫೋಟೊ ಬೇಕು ಅಂತ ಅಲ್ಲಿಗೆ ಓಡಬೇಕೇ?

ಕುಂಬಳೆ ಅಂಗಡಿ: ವಾಪಸ್ ಕೊಡಿ ಅನ್ನುವುದು ಸುಲಭ. ಆ ಕಂಡಕ್ಟರಿಗೂ ಯಾರೋ ಎರಡು ರೂಪಾಯಿ ಅಂತಲೇ ಕೊಟ್ಟಿರುತ್ತಾರೆ. ನನ್ನ ಗಲ್ಲಾದಲ್ಲಿ ಇಂಥ ಏಳು ಇವೆ. ವಿದೇಶಿ ಹಣ ಬದಲಾಯಿಸುವಲ್ಲಿಗೆ ಒಯ್ದರೆ ನೋಟಾದರೆ ಆಗಬಹುದು, ನಾಣ್ಯ ಬೇಡ ಎಂದರು. ಇಪ್ಪತ್ತಲ್ಲ, ಎರಡು ರೂಪಾಯಿಯೂ ಹುಟ್ಟುವುದಿಲ್ಲ.

ಹಳೇನಾಣ್ಯ: ದಿರ್ಹಮ್ ಎರಡು ರೂಪಾಯಿಯ ಜೊತೆ ಬೆರೆತು ಬರಲು ಕಾರಣ ಅಳತೆ. 2011ರ ಮಾದರಿಯ ನಮ್ಮ ಎರಡು ರೂಪಾಯಿ 25 ಮಿಲಿಮೀಟರ್, 2019ರದ್ದು 23. ದಿರ್ಹಮ್ ನಡುವೆ, 24. ಓಡುವ ಬಸ್ಸಲ್ಲಿ ಬೆರಳಿಗೆ ಹೇಗೆ ಗೊತ್ತಾಗಬೇಕು?

ಉಪ್ಪಳದವ: ಅಳತೆಯ ಮಾತು ಬಂತಲ್ಲ. ಫಿಲಿಪ್ಪೀನ್ಸ್‌ನ ಒಂದು ಪೆಸೊ ಕೂಡ ದಿರ್ಹಮಿನಷ್ಟೇ ಇತ್ತು. 2006ರ ಸುಮಾರಿಗೆ ಯುಎಇಯಲ್ಲಿ ನಾಣ್ಯ ಹಾಕುವ ಯಂತ್ರಗಳಿಗೆ ದಿರ್ಹಮಿನ ಬದಲು ಅದನ್ನು ಹಾಕುತ್ತಿದ್ದರು ಅಂತ ದೊಡ್ಡ ಸುದ್ದಿ ಆಗಿತ್ತು. ಇನ್ನೊಂದು ವಿಷಯ. 1966ರ ವರೆಗೆ ಆ ಕಡೆ ನಡೆಯುತ್ತಿದ್ದದ್ದು ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗೆ ಅಂತಲೇ ಬೇರೆ ನೋಟು ತಂದಿತ್ತು.

ಪೆರ್ಲದ ಕೃಷಿಕ: ನಮ್ಮ ರೂಪಾಯಿ ಅಲ್ಲಿಗೆ ಹೋಗಿತ್ತು ಅಂತ ನೀವೇ ಒಪ್ಪಿದಿರಿ. ರೂಪಾಯಿ ಹೋದ ದಾರಿಯಲ್ಲೇ ಗಿಂಡಿಯೂ ಹೋಗಿರಬೇಕು.

ಉಪ್ಪಳದವ: ಇದು ಹಟ. ನನ್ನ ಅರ್ಧ ಆಯುಷ್ಯ ಆ ಊರಿನಲ್ಲಿ ಕಳೆದಿದೆ. ಆ ಪಾತ್ರೆಯಿಂದ ನನಗೆ ಕಾಫಿ ಕೊಟ್ಟವರಿದ್ದಾರೆ. ಅದರ ಹೆಸರನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ!

ಪೆರ್ಲದ ಕೃಷಿಕ: ಗಿಂಡಿಯ ಹೆಸರನ್ನು ನನಗೂ ಯಾರೂ ಕಲಿಸಬೇಕಾಗಿಲ್ಲ.

ಟೀಚರ್ ಮುಳ್ಳೇರಿಯ: ಅಂಗಡಿಯವರೇ, ಎರಡು ರೂಪಾಯಿಯೂ ಹುಟ್ಟುವುದಿಲ್ಲ ಅಂದಿರಿ. ಆದರೆ ನಿಮ್ಮಂಥ ಅಂಗಡಿಗಳಲ್ಲೇ ನಮ್ಮ ಎಂಟಾಣೆ ಕೊಟ್ಟರೂ ಬೇಡ ಅನ್ನುತ್ತಾರೆ. ನಿಂತದ್ದು ಪಾವಲಿ, ಅಂದರೆ 25 ಪೈಸೆ, ಮತ್ತು ಅದಕ್ಕಿಂತ ಸಣ್ಣವು, 2011ರ ಜೂನ್ 30ಕ್ಕೆ. 50 ಪೈಸೆ ಇವತ್ತಿಗೂ ನಡೆಯುವ ನಾಣ್ಯ. ಹತ್ತರ ನಾಣ್ಯದ 14 ಮಾದರಿಯೂ ನಡೆಯುತ್ತದೆ ಅಂತ 2018ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಮಕ್ಕಳು ಕೂಡಿಟ್ಟ ಚಿಲ್ಲರೆ ತಂದಾಗ ದೂಡಬೇಡಿ.

ಕುಂಬಳೆ ಅಂಗಡಿ: ಹತ್ತರದ್ದನ್ನು ನಾನು ಒಂದು ದಿನವೂ ಬೇಡ ಅಂದದ್ದಿಲ್ಲ.

ಟೀಚರ್ ಮುಳ್ಳೇರಿಯ: ಎಂಟಾಣೆ?

ಕುಂಬಳೆ ಅಂಗಡಿ: ನಾನು ತಗೊಂಡರೂ ನನ್ನಿಂದ ಯಾರು ತಗೊಳ್ಳುತ್ತಾರೆ ಟೀಚರೇ? ಅದನ್ನು ಹೇಳಿ.

ಬದಿಯಡ್ಕದವ: ಇವತ್ತು ಅದೇ ಬಸ್ಸಲ್ಲಿ ಹೋದೆ. ದಿರ್ಹಮ್ ವಾಪಸ್ ಕೊಟ್ಟರೆ ಕಂಡಕ್ಟರ್ ತಗೊಳ್ಳಲೇ ಇಲ್ಲ. ಬದಲಿಗೆ ಎರಡು ರೂಪಾಯಿ ಕೊಟ್ಟು, ಅದನ್ನೂ ನೀವೇ ಇಟ್ಟುಕೊಳ್ಳಿ ಎಂದರು. ಮಗಳ ಡಬ್ಬಿಗೆ ಹಾಕಿದ್ದೇನೆ. ಐದರದ್ದನ್ನು ಮಾತ್ರ ಖರ್ಚು ಮಾಡುವುದಿಲ್ಲ. ಹತ್ತು ವರ್ಷ ಬಿಟ್ಟು ಬೆಲೆ ಬಂದರೆ ಬರಲಿ.

ಹಳೇನಾಣ್ಯ: ಇಟ್ಟುಕೊಳ್ಳಿ. ಆದರೆ ಉಜ್ಜಿ ತೊಳೆಯಬೇಡಿ, ಗೀರು ಬಿದ್ದರೆ ಸಂಗ್ರಹ ಮಾಡುವವರು ಮುಟ್ಟುವುದಿಲ್ಲ.

ಬದಿಯಡ್ಕದವ: ನಿನ್ನೆಯೇ ಹುಣಸೆಹುಳಿ ಹಾಕಿ ತಿಕ್ಕಿಬಿಟ್ಟೆನಲ್ಲ!

ಪೆರ್ಲದ ಕೃಷಿಕ: ಉಪ್ಪಳದವರೇ, ಆದಿತ್ಯವಾರ ನೆಂಟರ ಮನೆಗೆ ಹೋಗುತ್ತಿದ್ದೇನೆ. ಫೋಟೊ ಹಾಕುತ್ತೇನೆ.

ಉಪ್ಪಳದವ: ಹಾಕಿ. ಹಿಡಿ ಕಾಣುವ ಹಾಗೆ ತೆಗೆಯಿರಿ.